ದೀಪ ಹಚ್ಚಿದ ದಿವಾನರು

ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಬಯಲಿನಲ್ಲಿ ನಡೆಯುವ ಪಂಜಿನ ಕವಾಯತನ್ನು ಒಮ್ಮೆಯಾದರೂ ನೋಡದ ಮೈಸೂರಿಗರು ವಿರಳ. ಅರಮನೆಯಿಂದ ಹೊರಟ ಜಂಬೂ ಸವಾರಿ ಇಲ್ಲಿಗೆ ಬಂದು ಮುಗಿಯುತ್ತದೆ. ಕತ್ತಲು ಕವಿದ ಮೇಲೆ ಕುದುರೆಗಳ ಓಟ, ಸಾಹಸದ ಆಟಗಳು ಎಲ್ಲ ಕಳೆದು, ಬಯಲಿನ ಸುತ್ತ ಎತ್ತರದ ಕಂಬಗಳ ಮೇಲೆ ಉರಿಯುತ್ತಿದ್ದ ವಿದ್ಯುದ್ದೀಪಗಳನ್ನು ನಂದಿಸುತ್ತಾರೆ. ಸಾವಿರಾರು ಜನರ ಗದ್ದಲ ಆ ಕ್ಷಣದಲ್ಲಿ ತಾನಾಗಿಯೇ ತಗ್ಗುತ್ತದೆ. ಅನಂತರ ಪಂಜುಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗುತ್ತವೆ. ಕತ್ತಲಿಲ್ಲದೆ ಪಂಜಿಗೆ ಶೋಭೆಯಿಲ್ಲವೆಂಬುದು ಅಲ್ಲಿ ನೆರೆದ ಮಕ್ಕಳಿಗೂ ತಿಳಿಯುತ್ತದೆ.

ನನ್ನ ಮನೆ ಆ ಬಯಲಿಗೆ ಹತ್ತು ನಿಮಿಷದ ದಾರಿ. ಕೆಲವು ವರ್ಷಗಳ ಹಿಂದೆ ಒಂದು ದಸರೆಯ ರಾತ್ರಿ ಕವಾಯತು ಮುಗಿಸಿಕೊಂಡು ಮನೆಗೆ ಬಂದಾಗ ಗಂಟೆ ಹನ್ನೊಂದಾಗಿತ್ತು. ಒಳಕೋಣೆಯಲ್ಲಿ ಎಪ್ಪತ್ತೈದು ದಾಟಿದ ನನ್ನ ತಾಯಿ ಮಂಚದ ಮೇಲೆ ಎದ್ದು ಕುಳಿತಿದ್ದರು. ಅವರ ತಲೆಯ ಮೇಲೆ ಬಿಳಿಯ ದೀಪ ಉರಿಯುತ್ತಿತ್ತು. ಬೆಳಗಾಯಿತಲ್ಲ, ಇನ್ನೂ ಹಾಲಿನವನು ಬರಲಿಲ್ಲವೇಕೆ ಎಂದು ಅವರು ನನ್ನನ್ನು ಕೇಳಿದರು. ನಾನು ಏನೋ ಸಮಾಧಾನ ಹೇಳಿ ಮಲಗಿಸಿದೆ, ಅವರು ಮಲಗಲಿಲ್ಲ. ಆ ರಾತ್ರಿ ಅವರ ಬಳಿ ಕುಳಿತಿದ್ದಾಗ, ಈ ದೀಪಗಳನ್ನು ನಮ್ಮ ನಾಡಿಗೆ ತಂದ ಮಹನೀಯರ ನೆನಪು ನನಗೆ ಬಂದಿತು. ಮಂಡಿಯ ಮೊಹಲ್ಲೆಯ ಕಡೆಗೆ ಹೋಗುವಾಗಲೆಲ್ಲ ಅವರ ಹೆಸರಿನ ರಸ್ತೆಯನ್ನು ದಾಟುತ್ತೇನೆ. ಆದರೆ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಜೀವನವನ್ನು ಬೆಳಕಿನ ದೃಷ್ಟಿಯಿಂದ ನೋಡಬೇಕೆಂದು ನನಗೆ ಅದುವರೆಗೆ ತೋರಿರಲಿಲ್ಲ.

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಘಾಟಿನ ಬಳಿಯ ಕುಮಾರಪುರದಲ್ಲಿ. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದವರು; ಮಗ ಕೂಸಾಗಿರುವಾಗಲೇ ತೀರಿಕೊಂಡರು. ಹುಡುಗ ಬೆಳೆದದ್ದು ಅಣ್ಣನ ಆಶ್ರಯದಲ್ಲಿ. ಕಲ್ಲಿಕೋಟೆಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉನ್ನತ ವ್ಯಾಸಂಗ, 1868ರಲ್ಲಿ ಬಿ.ಎ. ಪದವಿ. ಆ ಕಾಲದ ಎಲ್ಲ ವಿದ್ಯಾರ್ಥಿಗಳಂತೆ ಅವರೂ ಎಣ್ಣೆಯ ದೀಪದ ಮುಂದೆ ಕುಳಿತು ಓದಿದವರೇ ಇರಬೇಕು. ಒಂದು ಮೇಣದ ಬತ್ತಿ ಒಂದು ಮೀಟರು ದೂರದಲ್ಲಿ ಚೆಲ್ಲುವ ಬೆಳಕನ್ನು ಇಂದಿನ ವಿಜ್ಞಾನಿಗಳು ಸುಮಾರು ಒಂದು ಲಕ್ಸ್ ಎಂದು ಎಣಿಸುತ್ತಾರೆ. ಗೂಡಿನ ಹಣತೆಯದೂ ಹೆಚ್ಚು ಕಡಮೆ ಅಷ್ಟೇ. ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್. ಮೋಡ ಕವಿದ ದಿನವೂ ಬಯಲಿನಲ್ಲಿ ಹತ್ತು ಸಾವಿರದಷ್ಟಿರುತ್ತದೆ. ಹಗಲಿಗೂ ರಾತ್ರಿಗೂ ಇಷ್ಟು ಅಗಾಧವಾದ ಅಂತರವಿದ್ದ ಪ್ರಪಂಚದಲ್ಲಿ ನಮ್ಮ ಹಿಂದಿನ ತಲೆಮಾರುಗಳೆಲ್ಲ ಬದುಕಿದವು. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಇವು ಬೇಕಾಗುತ್ತವೆ.

ಮಲಬಾರಿನಲ್ಲಿ ಅಧಿಕಾರಿಯಾಗಿದ್ದ ರಂಗಾಚಾರ್ಲು ಅವರು ಈ ತರುಣನ ಬುದ್ಧಿಶಕ್ತಿಯನ್ನು ಕಂಡು ಮೆಚ್ಚಿದ್ದರು. ಅವರು ಮೈಸೂರಿನ ಸೇವೆಗೆ ಬಂದಾಗ ಶೇಷಾದ್ರಿ ಅಯ್ಯರ್ ಅವರೂ 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಶಾಖೆಯ ಉದ್ಯೋಗಕ್ಕೆ ಬಂದರು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕೆಲಸ ಮಾಡುತ್ತಲೇ ಕಾನೂನಿನ ಪದವಿ ಪಡೆದರು. ತುಮಕೂರಿನಲ್ಲೂ ಮೈಸೂರಿನಲ್ಲೂ ಜಿಲ್ಲೆಯ ಆಡಳಿತ ನಡೆಸಿದರು. 1876ರಿಂದ 78ರವರೆಗೆ ನಾಡನ್ನು ಸುಟ್ಟ ಕ್ಷಾಮವನ್ನು ಅಧಿಕಾರಿಯಾಗಿ ಕಣ್ಣಾರೆ ಕಂಡರು. 1881ರಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು; ರಂಗಾಚಾರ್ಲು ದಿವಾನರಾದರು. ಎರಡು ವರ್ಷ ತುಂಬುವುದರೊಳಗೆ, 1883ರ ಜನವರಿಯಲ್ಲಿ, ಅವರು ತೀರಿಕೊಂಡರು. ಮೂವತ್ತೇಳು ವರ್ಷದ ಶೇಷಾದ್ರಿ ಅಯ್ಯರ್ ದಿವಾನರಾದರು. ಅಲ್ಲಿಂದ ಹದಿನೆಂಟು ವರ್ಷ ಆ ಪದವಿಯಲ್ಲಿದ್ದರು. ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಅಧಿಕಾರ ನಡೆಸಿದವರು ವಿರಳ.

ಅವರು ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ಪಠ್ಯಪುಸ್ತಕ ಓದಿದವರಿಗೆ ಪರಿಚಿತವಾದದ್ದು. ರೈಲು ದಾರಿಗಳನ್ನು ಬೆಳೆಸಿದರು. ಕೋಲಾರದ ಚಿನ್ನದ ಗಣಿಗಳಿಂದ ಸಂಸ್ಥಾನಕ್ಕೆ ಸ್ಥಿರವಾದ ಆದಾಯ ಬರುವಂತಾಯಿತು. ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ಬಾಲ್ಯವಿವಾಹವನ್ನು ತಡೆಯುವ ಕಾನೂನು 1894ರಲ್ಲಿ ಆಯಿತು. ಮಾರಿಕಣಿವೆಯ ಅಣೆಕಟ್ಟು ಅವರ ಕಾಲದಲ್ಲಿ ಆರಂಭವಾಯಿತು. ಆದರೆ ಜನ ಅವರನ್ನು ಪ್ರೀತಿಸಿದರೆಂದು ಹೇಳುವಂತಿಲ್ಲ. ಅವರ ಆಳ್ವಿಕೆ ಬಿಗಿಯಾದದ್ದು; ಮಾತು ಕಡಮೆ, ಆಜ್ಞೆ ಹೆಚ್ಚು. ಉನ್ನತ ಪದವಿಗಳಿಗೆಲ್ಲ ಮದರಾಸಿನವರನ್ನು ತಂದು ತುಂಬುತ್ತಾರೆಂದು ಮೈಸೂರಿನ ವಿದ್ಯಾವಂತರು ನೊಂದಿದ್ದರು. ಆ ಕೊರಗು ನಿರಾಧಾರವಾದದ್ದಲ್ಲ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದರು. ಬಾಲಕರಾಗಿದ್ದ ಕೃಷ್ಣರಾಜ ಒಡೆಯರ ಪರವಾಗಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾದರು. ಆಗ ದಿವಾನರ ಹೊಣೆಯೂ, ಅವರ ಮೇಲಿನ ಟೀಕೆಯೂ ಎರಡು ಪಟ್ಟಾದವು.

ನಾನು ಹೇಳಬೇಕೆಂದಿರುವ ಸಂಗತಿ ಆರಂಭವಾಗುವುದು ಇಲ್ಲಿಂದ ಮುಂದೆ.

1897ರ ಫೆಬ್ರವರಿಯಲ್ಲಿ ರಾಜಕುಮಾರಿಯವರ ವಿವಾಹ ನಡೆಯುತ್ತಿದ್ದಾಗ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಹೊಸ ಅರಮನೆಯ ಕೆಲಸ ಮೊದಲಾಯಿತು. 1912ರಲ್ಲಿ ಮುಗಿದ ಆ ಕಟ್ಟಡದ ಕಲ್ಯಾಣಮಂಟಪಕ್ಕೆ ಹೋದವರು ತಲೆಯೆತ್ತಿ ನೋಡದೆ ಇರರು. ಗ್ಲಾಸ್ಗೋ ನಗರದಿಂದ ತರಿಸಿದ ಬಣ್ಣದ ಗಾಜಿನ ಛಾವಣಿಯ ಮೂಲಕ ಹಗಲಿನ ಬೆಳಕು ನವಿಲುಗರಿಗಳ ಮೇಲಿಂದ ಕೆಳಗಿಳಿಯುತ್ತದೆ. ದರ್ಬಾರು ಸಭಾಂಗಣ ಪೂರ್ವಕ್ಕೆ ಪೂರ್ತಿಯಾಗಿ ತೆರೆದಿದೆ. ಇಂದು ದಸರೆಯ ರಾತ್ರಿಗಳಲ್ಲಿ ಆ ಅರಮನೆಯ ಹೊರಮೈಯಲ್ಲಿ ಬೆಳಗುವ ಸುಮಾರು 97 ಸಾವಿರ ದೀಪಗಳನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಆ ಮನೆ ಹಗಲಿನ ಬೆಳಕನ್ನು ಒಳಗೆ ಕರೆಯಲೆಂದು ಕಟ್ಟಿದ ಮನೆಯೆಂಬುದನ್ನು ಗಮನಿಸುವವರು ಕಡಮೆ.

ಮರುವರ್ಷ, 1898ರಲ್ಲಿ, ಮುಂಬಯಿಯನ್ನು ಆಗಲೇ ಹಣ್ಣು ಮಾಡಿದ್ದ ಪ್ಲೇಗು ಬೆಂಗಳೂರಿಗೂ ಮೈಸೂರಿಗೂ ಬಂದಿತು. ಆ ಕಾಲದ ನಮ್ಮ ಊರುಗಳ ಬಡಾವಣೆಗಳನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅನುಕೂಲವಂತರ ತೊಟ್ಟಿಮನೆಯಲ್ಲಿ ನಡುವಣ ತೊಟ್ಟಿಯಿಂದ ಆಕಾಶ ಕಾಣುತ್ತಿತ್ತು. ಮಳೆಯೂ ಬಿಸಿಲೂ ಮನೆಯೊಳಗೇ ಬರುತ್ತಿದ್ದವು. ಬಡವರ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡವು. ಒಂದು ಬಾಗಿಲು, ಅಂಗೈಯಗಲದ ಬೆಳಕಿಂಡಿ, ಒಳಗೆ ಹಗಲಿನಲ್ಲಿಯೂ ಮುಖ ಕಾಣದ ನಡುಮನೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂಬುದನ್ನು ಫ್ರೆಂಚ್ ವೈದ್ಯ ಸಿಮೊಂಡ್ ಕಂಡುಹಿಡಿದದ್ದು ಅದೇ 1898ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಕತ್ತಲೆಯೂ ತೇವವೂ ಇಕ್ಕಟ್ಟೂ ರೋಗದ ಮೂಲವೆಂಬುದೇ ಆಗಿನ ನಂಬಿಕೆ. ಮುಂಬಯಿ ಮೊದಲಾದ ಕಡೆ ಸೋಂಕಿನ ಮನೆಗಳ ಹೆಂಚು ತೆಗೆಸಿ ಬಿಸಿಲು ಬಿಡಿಸಿದರು. ಮೈಸೂರಿನಲ್ಲಿ ಪ್ಲೇಗಿನ ಕಾರ್ಯಕ್ಕೆಂದೇ ವಿ. ಪಿ. ಮಾಧವರಾಯರನ್ನು ಕಮಿಷನರನ್ನಾಗಿ ನೇಮಿಸಿದರು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು.

ಈ ಸಂಕಟದ ನಡುವೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ನೇರವಾದ ಅಗಲ ಬೀದಿಗಳು, ಮನೆಮನೆಯ ನಡುವೆ ಅಂತರ, ಹಿಂದೆ ಸಣ್ಣ ಓಣಿ, ಮುಂದೆ ಅಂಗಳ, ನಾಲ್ಕು ಗೋಡೆಗೂ ಕಿಟಕಿಯಿಡಲು ಅವಕಾಶ: ಇದು ಅವುಗಳ ಲಕ್ಷಣ. ಶೇಷಾದ್ರಿ ಅಯ್ಯರ್ ಗತಿಸಿದ ಮೇಲೆ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಸ್ಥಾಪನೆಯಾದದ್ದೂ ಅದೇ ಯೋಚನೆಯ ಮುಂದುವರಿಕೆ. ಈ ಬಡಾವಣೆಗಳನ್ನು ಮಾಡಿದವರು ಜನರ ನಿದ್ರೆಯನ್ನು ಕುರಿತು ಆಲೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಅವರ ಕಣ್ಣೆದುರಿಗಿದ್ದದ್ದು ಪ್ಲೇಗು. ಆದರೆ ಒಂದು ಕಾರಣಕ್ಕಾಗಿ ತೆರೆದ ಕಿಟಕಿ ಮತ್ತೊಂದು ಉಪಕಾರವನ್ನೂ ಮಾಡಿತು. ಶೇಷಾದ್ರಿ ಅಯ್ಯರ್ ಆಡಳಿತ ನಮ್ಮ ನಗರಗಳಿಗೆ ಕೊಟ್ಟ ಮೊದಲನೆಯ ಬೆಳಕು ಇದು. ಎರಡನೆಯದು ಶಿವನಸಮುದ್ರದಿಂದ ಬಂದಿತು.

ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವ ಕಾವೇರಿಯ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸಬಹುದೆಂಬ ಸೂಚನೆ 1890ರ ದಶಕದಲ್ಲಿ ಬಂದಿತು. ಜಲಪಾತದಿಂದ ದೀಪ ಉರಿಸುವುದು ಆಗ ಲೋಕಕ್ಕೇ ಹೊಸ ವಿದ್ಯೆ. ನಯಾಗರದ ವಿದ್ಯುತ್ತು ಬಫಲೊ ನಗರವನ್ನು ಮುಟ್ಟಿದ್ದು 1896ರಲ್ಲಿ. ಸಂಸ್ಥಾನದ ಎಂಜಿನಿಯರಾಗಿದ್ದ ಡಿ ಲಾಟ್‌ಬಿನಿಯರ್ ಎಂಬ ಸೇನಾಧಿಕಾರಿ ಯೋಜನೆಯನ್ನು ಸಿದ್ಧಪಡಿಸಿದರು. ದಿವಾನರು ಅವರನ್ನು ಯೂರೋಪಿಗೂ ಅಮೆರಿಕಕ್ಕೂ ಕಳುಹಿಸಿ ವಿಚಾರಿಸಿಕೊಂಡು ಬರುವಂತೆ ಮಾಡಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ವಿದ್ಯುತ್ ಯಂತ್ರಗಳನ್ನೂ, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆ ಜಲಚಕ್ರಗಳನ್ನೂ ಕೊಡಲು ಒಪ್ಪಿದವು. ಕೊಳ್ಳೇಗಾಲದ ಸೀಮೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಆ ಸರ್ಕಾರದ ಸಮ್ಮತಿಯೂ ಬೇಕಾಯಿತು. ಸಂಸ್ಥಾನದ ಬೊಕ್ಕಸದಿಂದ ದೊಡ್ಡ ಮೊತ್ತವನ್ನು ಯಾರೂ ಕಂಡರಿಯದ ವಸ್ತುವಿಗಾಗಿ ನೀರಿಗೆ ಸುರಿಯುತ್ತಾರೆಂದು ಟೀಕಿಸಿದವರಿದ್ದರು. ಕ್ಷಾಮ, ಪ್ಲೇಗುಗಳಿಂದ ನೊಂದ ನಾಡಿನಲ್ಲಿ ಆ ಶಂಕೆ ಸಹಜವೇ. ದಿವಾನರು ಹಿಂಜರಿಯಲಿಲ್ಲ. ಭಾರಿ ಯಂತ್ರಗಳನ್ನು ಬಂಡಿಗಳೂ ಆನೆಗಳೂ ಕಾಡುದಾರಿಯಲ್ಲಿ ಎಳೆದುಕೊಂಡು ಹೋದವು.

ಆ ವಿದ್ಯುತ್ತು ಮೊದಲು ಬೇಕಾದದ್ದು ಮನೆಯ ದೀಪಕ್ಕಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಅಲ್ಲಿ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲು ದುಬಾರಿಯಾಗಿದ್ದವು. ಶಿವನಸಮುದ್ರದಿಂದ ಗಣಿಗಳವರೆಗೆ 92 ಮೈಲಿ ತಂತಿ ಎಳೆಯಬೇಕಾಯಿತು. ಅಂದಿನ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಕೆಲಸ ಸಾಗುತ್ತಿದ್ದಾಗಲೇ ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಕೆಟ್ಟಿತು. 1901ರಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಕಾಲವಾದರು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ಅದಾದ ಐದಾರು ವಾರಗಳಲ್ಲಿ, ಆಗಸ್ಟ್ 8ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಹದಿನೆಂಟು ವರ್ಷದ ದುಡಿಮೆಯ ಈ ಎರಡು ಫಲಗಳನ್ನೂ ದಿವಾನರು ಕಾಣಲಿಲ್ಲ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ, 1908ರಲ್ಲಿ ಮೈಸೂರಿನಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಅವರ ಪ್ರತಿಮೆಯನ್ನು ಅನಾವರಣ ಮಾಡಿದರು. ಅವರ ಸ್ಮಾರಕ ಭವನ ಇಂದು ಗ್ರಂಥಾಲಯವಾಗಿದೆ. ಬದುಕಿದ್ದಾಗ ಬೈದ ನಾಡು ಸತ್ತ ಮೇಲೆ ನಮಸ್ಕರಿಸಿತು. ಇದು ನಮ್ಮಲ್ಲಿ ಹೊಸದಲ್ಲ.

ಶಿವನಸಮುದ್ರದ ವಿದ್ಯುತ್ತಿನ ಉಪಕಾರವನ್ನು ಕಡಮೆಯಾಗಿ ಎಣಿಸಿದರೆ ಕೃತಘ್ನತೆಯಾದೀತು. ಸೀಮೆಎಣ್ಣೆಯ ಬುಡ್ಡಿಯ ಹೊಗೆ ಕುಡಿಯುತ್ತ ಓದಿದವರು, ಅದರ ಕಿಡಿ ಸೀರೆಗೆ ತಗುಲಿ ಬೆಂದವರು, ಮಬ್ಬುಗತ್ತಲಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯರು ಇವರನ್ನೆಲ್ಲ ನೆನೆದರೆ ಆ ಬೆಳಕಿನ ಬೆಲೆ ತಿಳಿಯುತ್ತದೆ. ನನ್ನ ತಂದೆ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ವಿದ್ಯುದ್ದೀಪ ಇಲ್ಲದಿದ್ದರೆ ನಾನು ಇಂದು ಕಾಲೇಜಿನಲ್ಲಿ ಪಾಠ ಹೇಳುತ್ತಿರಲಿಲ್ಲ. ಆದರೆ ಆ ವಿದ್ಯುತ್ತನ್ನು ಮೊದಲು ಪಡೆದ ಗಣಿಯ ಕಡೆಗೂ ಒಮ್ಮೆ ತಿರುಗಬೇಕು. 2001ರಲ್ಲಿ ಮುಚ್ಚುವವರೆಗೂ ಕೋಲಾರದ ಗಣಿಗಳಲ್ಲಿ ಪಾಳಿಯ ಮೇಲೆ ಕೆಲಸ ನಡೆಯಿತು. ಭೂಮಿಯೊಳಗೆ ಮೈಲಿಗಟ್ಟಲೆ ಆಳದಲ್ಲಿ ದುಡಿಯುವವನಿಗೆ ಸೂರ್ಯ ಎಲ್ಲಿದ್ದರೇನು? ಇಂದು ಗಣಿಗೆ ಇಳಿಯದ ನಾವೂ ಅದೇ ಪಾಳಿಗೆ ಸೇರಿದ್ದೇವೆ. ಬೆಳಗ್ಗೆ ಮನೆಯ ಕೊಳವೆದೀಪದ ಕೆಳಗಿನಿಂದ ಹೊರಟು ಕಚೇರಿಯ ಕೊಳವೆದೀಪದ ಕೆಳಗೆ ಕುಳಿತು, ಕತ್ತಲಾದ ಮೇಲೆ ಮರಳಿ ಮನೆಯ ದೀಪದಡಿಗೆ ಬರುತ್ತೇವೆ. ಕಚೇರಿಯ ಮೇಜಿನ ಮೇಲಿನ ಬೆಳಕು ಮುನ್ನೂರು, ಐನೂರು ಲಕ್ಸ್. ನಾವು ಹಗಲೆಂದು ತಿಳಿದುಕೊಂಡಿರುವುದು, ಹೊರಗಿನ ಮೋಡದ ದಿನದ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ.

ಬೆಳಕು ನೋಟಕ್ಕೆ ಮಾತ್ರ ಬೇಕಾದ ವಸ್ತುವೆಂದು ಲೋಕ ಬಹುಕಾಲ ನಂಬಿತ್ತು. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ತರುಣ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯೊಳಗಿದ್ದು ಬಂದನು. ಹಗಲು ರಾತ್ರಿಗಳ ಸುಳಿವಿಲ್ಲದಿದ್ದರೂ ಅವನ ಮೈ ಮಲಗುವ, ಏಳುವ ಕ್ರಮವನ್ನು ಬಿಟ್ಟಿರಲಿಲ್ಲ. ದಿನಗಳ ಲೆಕ್ಕ ಮಾತ್ರ ತೀರ ತಪ್ಪಿಹೋಗಿತ್ತು. ನಮ್ಮೊಳಗೊಂದು ಗಡಿಯಾರವುಂಟು, ಅದರ ದಿನ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಹೆಚ್ಚು, ಪ್ರತಿದಿನ ಬೆಳಗಿನ ಬೆಳಕು ಅದನ್ನು ಸರಿಪಡಿಸುತ್ತದೆ. ರಾತ್ರಿಯ ಪ್ರಖರ ಬೆಳಕು ಮನುಷ್ಯನಲ್ಲಿ ಮೆಲಟೋನಿನ್ ಎಂಬ ಸ್ರಾವವನ್ನು ಅಡಗಿಸುತ್ತದೆಂದು 1980ರಲ್ಲಿ ತಿಳಿಯಿತು. ಕತ್ತಲಾಯಿತೆಂದು ಮೈಗೆ ಸಾರುವ ಡಂಗುರ ಆ ಸ್ರಾವ. ಸುಮಾರು 2002ರ ಹೊತ್ತಿಗೆ ಕಣ್ಣಿನ ಪಟಲದಲ್ಲಿ ನೋಟಕ್ಕಲ್ಲದೆ ಹೊತ್ತನ್ನು ಅಳೆಯುವುದಕ್ಕೇ ಇರುವ ಮತ್ತೊಂದು ಬಗೆಯ ಜೀವಕೋಶಗಳಿವೆಯೆಂದು ಸಿದ್ಧವಾಯಿತು. ಅವು ಹೆಚ್ಚಾಗಿ ಮಿಡಿಯುವುದು ನೀಲಿಯ ಬೆಳಕಿಗೆ, ಅಂದರೆ ಹಗಲಿನ ಆಕಾಶದ ಬಣ್ಣಕ್ಕೆ. ಜೀವಿಗಳ ಒಳಗಡಿಯಾರದ ರಚನೆಯನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರವನ್ನು ಕದಡುವ ರಾತ್ರಿಪಾಳಿಯ ದುಡಿಮೆ ಪ್ರಾಯಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತನ್ನು ಉಳಿಸಿಕೊಂಡಿತು.

ಹಣತೆಯ ಬೆಳಕು ಕೆಂಪು, ಮಂದ. ಅದು ರಾತ್ರಿಯನ್ನು ಹಗಲೆಂದು ಮೈಗೆ ನಂಬಿಸಲಾರದು. ಶಿವನಸಮುದ್ರದ ಮೊದಲ ಕಾಲದ ತಂತಿದೀಪಗಳೂ ಹಳದಿಯಾಗಿಯೇ ಉರಿದವು. ಅನಂತರ ಕೊಳವೆದೀಪ ಬಂದಿತು. 2015ರ ಸುಮಾರಿನಿಂದ ಅಗ್ಗದ ಎಲ್‌ಇಡಿ ದೀಪಗಳು ಮನೆಮನೆಗೂ ತಲುಪಿದವು. ಖರ್ಚು ಇಳಿಯಿತು, ಒಳ್ಳೆಯದೇ. ಆದರೆ ಅಚ್ಚ ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ಜೊತೆಗೆ, ಬೆಳಗಿದರೂ ಖರ್ಚಿಲ್ಲವೆಂದು ನಾವು ಅದನ್ನು ಆರಿಸುವುದನ್ನೇ ಮರೆತೆವು. ಇತ್ತ ಪ್ಲೇಗಿನ ಕಾಲದಲ್ಲಿ ತೆರೆದ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ಅಂತಸ್ತು ಕಟ್ಟಿದ ಮೇಲೆ ನಡುವಣ ಕೋಣೆಗೆ ಬೆಳಕು ಎಲ್ಲಿಂದ ಬರಬೇಕು? 1898ರ ನಡುಮನೆ ಹೊಸ ವೇಷದಲ್ಲಿ ಮರಳಿ ಬಂದಿದೆ. ಬಾಡಿಗೆಯ ಕೋಣೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಮೊದಲನೆಯ ಪಾಠದ ಹೊತ್ತಿಗೆ ತೂಕಡಿಸುವುದನ್ನು ಕಂಡು ನಾನು ವರ್ಷಗಟ್ಟಲೆ ಗದರಿದ್ದೇನೆ. ಕಿಟಕಿಯಿಲ್ಲದ ಕೋಣೆಯಲ್ಲಿ ಸೂರ್ಯನನ್ನು ಕಾಣದೆ ಎದ್ದು ಬಂದವರು ಅವರೆಂಬುದು ಆಗ ನನಗೆ ಹೊಳೆದಿರಲಿಲ್ಲ.

ನನ್ನ ತಾಯಿ ಇದ್ದದ್ದೂ ಅಂಥ ಕೋಣೆಯಲ್ಲಿಯೇ. ಕಾಲು ಸೋತ ಮೇಲೆ ಅವರನ್ನು ಬಚ್ಚಲಿಗೆ ಹತ್ತಿರವಾಗಲೆಂದು ಒಳಕೋಣೆಗೆ ಸಾಗಿಸಿದ್ದೆವು. ಹಗಲು ಅಲ್ಲಿ ಮಬ್ಬು. ರಾತ್ರಿ ಎಡವಿ ಬಿದ್ದಾರೆಂಬ ಭಯದಿಂದ ನಾವೇ ಬಿಳಿಯ ದೀಪ ಹಚ್ಚಿಡುತ್ತಿದ್ದೆವು. ಹೀಗೆ ಹಗಲಿಗಿಂತ ರಾತ್ರಿಯೇ ಬೆಳ್ಳಗಿದ್ದ ಕೋಣೆಯಲ್ಲಿ ಅವರು ಹಗಲೆಲ್ಲ ನಿದ್ರಿಸಿ ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದರು. ದಾರಿ ತಪ್ಪಿದ ಮಾತುಗಳನ್ನು ಆಡುತ್ತಿದ್ದರು. ವಯಸ್ಸಿನ ಮರುಳೆಂದು ನಾವು ಕೈಬಿಟ್ಟಿದ್ದೆವು. ದಸರೆಯ ಆ ರಾತ್ರಿಯ ನಂತರ ವೈದ್ಯರೊಬ್ಬರು ಬಂದು ನೋಡಿದರು. ಔಷಧವನ್ನು ಬರೆಯುವ ಮೊದಲು, ಮಂಚವನ್ನು ಮುಂದಿನ ಪಡಸಾಲೆಯ ಪೂರ್ವದ ಕಿಟಕಿಗೆ ಸರಿಸಿರಿ, ಬೆಳಗ್ಗೆ ಒಂದು ಗಂಟೆ ಹೊರಗೆ ಕೂರಿಸಿರಿ, ರಾತ್ರಿ ನೆಲದ ಮಟ್ಟದಲ್ಲಿ ಒಂದು ಸಣ್ಣ ಕೆಂಬಣ್ಣದ ದೀಪ ಸಾಕು ಎಂದು ಹೇಳಿದರು. ಹಾಗೆಯೇ ಮಾಡಿದೆವು. ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರದ ಹೊತ್ತಿಗೆ ಅವರು ಹತ್ತು ಗಂಟೆಗೆ ಮಲಗಿ ನಾಲ್ಕರವರೆಗೆ ನಿದ್ರಿಸತೊಡಗಿದರು. ಬೆಳಗ್ಗೆ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತ, ಬೀದಿಯಲ್ಲಿ ಹೋಗುವವರನ್ನು ಹೆಸರು ಹಿಡಿದು ಮಾತನಾಡಿಸಿದರು. ಮುಪ್ಪು ಹಿಂದಿರುಗಲಿಲ್ಲ, ಮರೆವು ಪೂರ್ತಿ ಹೋಗಲಿಲ್ಲ. ಆದರೆ ಅವರ ಹಗಲು ಹಗಲಾಯಿತು, ರಾತ್ರಿ ರಾತ್ರಿಯಾಯಿತು. ಎರಡು ವರ್ಷ ಹೀಗಿದ್ದು ಅವರು ತೀರಿಕೊಂಡರು. ಆ ಎರಡು ವರ್ಷ ಅವರು ನಮ್ಮ ಮನೆಯಲ್ಲಿ ಮತ್ತೆ ಮನುಷ್ಯರಾಗಿ ಬದುಕಿದರು. ಅದಕ್ಕಿಂತ ಮುಂಚಿನ ಒಂದು ವರ್ಷವನ್ನು, ತಿಳಿಯದೆ ಆದರೂ, ನಾವು ಅವರಿಂದ ಕಿತ್ತುಕೊಂಡೆವೆಂಬ ನೋವು ನನಗೆ ಉಳಿದಿದೆ.

ಹಾಗಾದರೆ ದೀಪ ತಂದ ದಿವಾನರನ್ನು ದೂರಬೇಕೇ? ಅದು ನ್ಯಾಯವಲ್ಲ. ಅವರ ಆಡಳಿತ ನಮಗೆ ಎರಡನ್ನೂ ಕೊಟ್ಟಿತು: ಹಗಲಿಗೆ ಕಿಟಕಿ, ಇರುಳಿಗೆ ದೀಪ. ಎರಡರಲ್ಲಿ ಗುಂಡಿಯೊತ್ತಿದರೆ ಬರುವುದನ್ನು ನಾವು ಉಳಿಸಿಕೊಂಡೆವು. ಜಾಗ ಬಿಟ್ಟುಕೊಟ್ಟರೆ ಮಾತ್ರ ಬರುವುದನ್ನು ಕಳೆದುಕೊಂಡೆವು. ತಾವು ತಂದ ಬೆಳಕನ್ನು ಅವರು ಒಂದು ದಿನವೂ ಕಾಣಲಿಲ್ಲ. ಅದನ್ನು ಹೇಗೆ ಬಳಸಬೇಕೆಂದು ಹೇಳಲು ಅವರಿಗೆ ಆಯುಷ್ಯ ಸಾಲಲಿಲ್ಲ. ಆ ಕಲಿಕೆ ಅವರ ಫಲವನ್ನು ಉಂಡ ನಮ್ಮ ಪಾಲಿನದು. ಮನೆ ಕಟ್ಟುವಾಗ ಮೂರಡಿ ಜಾಗ ಬಿಡುವುದು, ಮುದುಕರ ಮಂಚವನ್ನೂ ಮಕ್ಕಳ ಮೇಜನ್ನೂ ಕಿಟಕಿಯ ಬಳಿಗೆ ಹಾಕುವುದು, ಬೆಳಗ್ಗೆ ಅರ್ಧ ಗಂಟೆ ಆಕಾಶದ ಕೆಳಗೆ ನಡೆಯುವುದು, ಊಟವಾದ ಮೇಲೆ ದೀಪಗಳನ್ನು ಕಡಮೆ ಮಾಡುವುದು: ಇದಕ್ಕೆ ಬೊಕ್ಕಸದ ಹಣವೂ ಬೇಡ, ಹೊರದೇಶದ ಯಂತ್ರವೂ ಬೇಡ.

ನಮ್ಮ ಹಿರಿಯರು ದೀಪ ಆರಿಸು ಎಂಬ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ. ಅದು ಅಶುಭವೆಂದು ಎಣಿಸಿ, ದೀಪ ದೊಡ್ಡದು ಮಾಡು ಎನ್ನುತ್ತಿದ್ದರು. ನನ್ನ ತಾಯಿಗೂ ಆ ರೂಢಿ ಕೊನೆಯವರೆಗೆ ಇತ್ತು. ಪ್ರತಿ ವಿಜಯದಶಮಿಯಂದು ಬನ್ನಿಮಂಟಪದ ಬಯಲಿನಲ್ಲಿ ಎತ್ತರದ ದೀಪಗಳು ನಂದಿ ಕತ್ತಲು ಕವಿದಾಗ ನನಗೆ ಆ ಮಾತು ನೆನಪಾಗುತ್ತದೆ. ಕವಾಯತು ಮುಗಿದು ಮನೆಗೆ ಬಂದ ಮೇಲೆ ನಾನು ಪಡಸಾಲೆಯ ದೀಪವನ್ನು ದೊಡ್ಡದು ಮಾಡಿ, ಪೂರ್ವದ ಕಿಟಕಿಯ ಪರದೆಯನ್ನು ಸರಿಸಿಟ್ಟು ಮಲಗುತ್ತೇನೆ.